ನರಿಯ ಜ್ವರ

ಜನವರಿ 11

ಇದು ನನ್ನ ಅಂಗಡಿಯ ರಿಪೇರಿ ಪುಸ್ತಕ. ಮುಂಭಾಗದ ಪುಟಗಳಲ್ಲಿ ಊರಿನ ಟಿವಿ, ಫೋನುಗಳ ಕಾಯಿಲೆಗಳಿವೆ. ನಾನು ಹಿಂದಿನಿಂದ ತಿರುಗಿಸಿ ಬರೆಯುತ್ತಿದ್ದೇನೆ. ಯಂತ್ರದ ಮೇಲೆ ಪ್ರಯೋಗ ಮಾಡುವಾಗ ದಿನಾಂಕ, ಚಳಿ, ಶಾಖ ಬರೆದಿಡದಿದ್ದರೆ ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತೀರಿ ಎಂದು ಫ್ರುಂಜೆ ಪಟ್ಟಣದ ಕಾರ್ಖಾನೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಅದಕ್ಕಷ್ಟೇ ಈ ಬರವಣಿಗೆ. ಬೇರೆ ಪುರಾಣ ಇದರಲ್ಲಿಲ್ಲ.

ಯಂತ್ರ: ರಿಮೋಟಿನಲ್ಲಿ ಓಡುವ ಆಟದ ಕಾರು, ಒಂದು ಮೊಳ ಉದ್ದ, ದಪ್ಪ ಚಕ್ರ. ಎರಡು ವರ್ಷದ ಹಿಂದೆ ಸರೋವರ ನೋಡಲು ಬಂದವನೊಬ್ಬ ರಿಪೇರಿಗೆ ಬಿಟ್ಟುಹೋದ. ತಿರುಗಿ ಬರಲೇ ಇಲ್ಲ.

ಅದು ಮಾಡಬೇಕಾದ ಕೆಲಸ: ನರಿಯಾಗುವುದು.

ನಮ್ಮ ಯಜಮಾನರ ಬೇಟೆಹದ್ದು ಮನೆಗೆ ಬಂದು ಹನ್ನೆರಡು ವರ್ಷವಾಯಿತು. ಮರಿಯಲ್ಲಿ ಹಿಡಿದ ಹೆಣ್ಣು ಹದ್ದನ್ನು ಅದಕ್ಕೆ ಮೊಟ್ಟೆಯಿಡುವ ವಯಸ್ಸು ಮೀರುವ ಮೊದಲೇ ಬೆಟ್ಟಕ್ಕೆ ಮರಳಿಸಬೇಕು, ಅದು ಬೇಟೆಗಾರರ ಕಟ್ಟಳೆ. ಈ ವಸಂತದಲ್ಲಿ ಬಿಡಬೇಕು. ಆದರೆ ಅಕ್ಟೋಬರಿನಲ್ಲಿ ಇವರಿಗೆ ಕುದುರೆಯ ಮೇಲೇ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಹಕ್ಕಿಯೂ ಬೇಟೆಯಿಲ್ಲದೆ ಕೂತಲ್ಲೇ ತಿಂದು ಕೊಬ್ಬಿದೆ.

"ಹಿಂಗೇ ಬಿಟ್ರೆ ಹಕ್ಕಿ ವಾರದಲ್ಲಿ ಹಸಿದು ಸಾಯ್ತಾಳೆ ಕಣೆ," ಎಂದರು ನಿನ್ನೆ. "ಓಡೋ ನರಿ ಬೇಕು. ಬೆನ್ನಟ್ಟಿ ಬೆನ್ನಟ್ಟಿ ರೆಕ್ಕೆ ಗಟ್ಟಿ ಆಗ್ಬೇಕು."

ಯಾರಾದರೂ ಕುದುರೆ ಏರಿ ನರಿಯ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಓಡುವುದು ರೂಢಿ. ನನ್ನ ಸೊಂಟಕ್ಕೆ ಕುದುರೆ ಆಗದು. ಪಕ್ಕದ ಮನೆಯ ತುರ್ದುಮಂಬೆತ್‌ಗೆ ಹೇಳಲೇ ಎಂದೆ.

"ತುರ್ದು ಕೈಗೆ ಹೋದ್ರೆ ಅವಳು ಪ್ರವಾಸಿಗಳ ಜೊತೆ ಫೋಟೋಗೆ ನಿಲ್ತಾಳೆ, ಬೆಟ್ಟ ಹತ್ತಲ್ಲ," ಎಂದು ಮುಖ ತಿರುಗಿಸಿದರು.

ಆಗ ನೆನಪಾದದ್ದು ಈ ಕಾರು. ಹಕ್ಕಿಗೆ ಇವರಿಟ್ಟ ಹೆಸರು ತುಮಾರ್, ಅಂದರೆ ತಾಯಿತ. ನಾನಿಟ್ಟ ಹೆಸರು ಸವತಿ. ಹನ್ನೆರಡು ವರ್ಷದಿಂದ ಈ ಮನೆಯಲ್ಲಿ ಎಳೆ ಮಾಂಸ ಅದಕ್ಕೆ, ಮೂಳೆ ನನಗೆ. ಅದು ತೊಲಗುವುದಾದರೆ ಕಾರೇನು, ರೈಲನ್ನೇ ಓಡಿಸಿಯೇನು.

ಜನವರಿ 13

ಚಳಿ –16. ಓಡಿದ್ದು ಎರಡೂವರೆ ನಿಮಿಷ. ಕಂಟ್ರೋಲರ್ 110. ನಿಂತಿತು.

ಕಂಟ್ರೋಲರ್ ಎಂದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಇರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ನಾನು ಬೆರಳು ಒತ್ತಿದಷ್ಟು ಕರೆಂಟನ್ನು ಅಳೆದು ಮೋಟಾರಿಗೆ ಬಡಿಸುತ್ತದೆ. ಹೆಚ್ಚು ಬಡಿಸಬೇಕಾಗಿ ಬಂದಾಗ ತಾನೇ ಬಿಸಿಯೇರಿ ಕಾಯುತ್ತದೆ. ನೂರಹತ್ತು ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಂತೆ ತಾನಾಗಿ ಕೆಲಸ ನಿಲ್ಲಿಸುತ್ತದೆ. ಆದರೆ ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿಯಲ್ಲಿ ಯಾಕೆ ಕಾಯಬೇಕು?

ಬಿಚ್ಚಿ ನೋಡಿದೆ. ನನಗೇ ನಾಚಿಕೆಯಾಯಿತು. ಬ್ಯಾಟರಿಗೆ ಚಳಿ ಆಗದು ಎಂದು ಉಣ್ಣೆಗಂಬಳಿಯ ತುಂಡು ಸುತ್ತಿದ್ದೆ. ಅದೇ ಸುತ್ತಿನಲ್ಲಿ ಕಂಟ್ರೋಲರನ್ನೂ ಸೇರಿಸಿ ಕಟ್ಟಿಬಿಟ್ಟಿದ್ದೆ. ನಮ್ಮ ಕಡೆಯ ಹೆಂಗಸರ ಕೈ ಚಳಿಗಾಲದಲ್ಲಿ ತಾನಾಗಿ ಸುತ್ತುತ್ತದೆ. ಕೂಸಾಗಲಿ, ಹಾಲಿನ ಕ್ಯಾನಾಗಲಿ, ಟ್ರಾಕ್ಟರಿನ ಮೂತಿಯಾಗಲಿ. ಅದರ ಮೇಲೆ ನರಿಯ ಚರ್ಮ ಬೇರೆ. ಮೂವತ್ತು ವರ್ಷ ಬೆಸುಗೆ ಹಾಕಿದವಳು ಮಾಡುವ ಕೆಲಸವೇ ಇದು?

ಜನವರಿ 14

ಚಳಿ –14. ಬ್ಯಾಟರಿಗೆ ಮಾತ್ರ ಕಂಬಳಿ. ನಾಲ್ಕು ನಿಮಿಷ. 110. ನಿಂತಿತು.

ಬಯಲಿನ ಅಂಚಿನಲ್ಲಿ ಇವರನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಬಲಗೈ ಮೇಲೆ ಹಕ್ಕಿ, ಕೈ ಸೋಲದಂತೆ ಕೆಳಗೆ ಕವೆಗೋಲಿನ ಆಸರೆ. ಇವರು ಹಕ್ಕಿಯ ಕಣ್ಣು ಮುಚ್ಚಿದ ಟೋಪಿಯನ್ನು ಹಲ್ಲಿನಿಂದ ಕಳಚಿ ಹಾರಿಸುತ್ತಾರೆ, ನಾನು ರಿಮೋಟು ಹಿಡಿದು ನರಿಯನ್ನು ಓಡಿಸುತ್ತೇನೆ. ನಡುಬಯಲಲ್ಲಿ ನರಿ ನಿಂತೇಹೋಯಿತು. ಕುದುರೆಯ ಮೇಲೆ ಹೋಗುತ್ತಿದ್ದ ತುರ್ದು ಅದನ್ನೇ ಕಾಯುತ್ತಿದ್ದವನಂತೆ ಲಗಾಮು ಎಳೆದ.

"ಏನತ್ತಿಗೆ, ನಿನ್ನ ನರಿಗೆ ಮತ್ತೆ ಜ್ವರ ಬಂತಾ?"

"ನಿನ್ನ ನಾಲಿಗೆಗೆ ಬರ್ಲಿ ಜ್ವರ. ಎರಡು ದಿನ ಊರಾದ್ರೂ ನೆಮ್ಮದಿಯಾಗಿರುತ್ತೆ."

"ಹದ್ದನ್ನ ನಂಗೆ ಕೊಡು ಅತ್ತಿಗೆ. ಅವಳೂ ಹೊಟ್ಟೆತುಂಬ ತಿಂತಾಳೆ, ಜಪರ್ ಅಣ್ಣನೂ ಬೆಚ್ಚಗೆ ಮಲಗ್ತಾನೆ."

ಇವರು ಕುರ್ಚಿಯಿಂದಲೇ ಹಿಮದ ಮೇಲೆ ಉಗುಳಿದರು. ತುರ್ದು ನಕ್ಕು ಹೋದ. ಕೆಟ್ಟವನಲ್ಲ. ಬಾಯಿ ಮಾತ್ರ ಹಾಳು.

ಜನವರಿ 17

ಚಳಿ –15. ಏಳು ನಿಮಿಷ. 103.

ಗಾಳಿ ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಒಂದು ದಾರಿ ಬೇಕು. ಅಂದರೆ ಚರ್ಮ ಕತ್ತರಿಸಬೇಕು. ಇದು ಹಕ್ಕಿ ಹಿಡಿದ ಮೊದಲ ನರಿ, ಹನ್ನೊಂದು ವರ್ಷ ಗೋಡೆಯ ಮೇಲಿತ್ತು. ಕತ್ತರಿ ಹಿಡಿದು ಇವರ ಮುಖ ನೋಡಿದೆ.

"ಕತ್ತರಿಸು. ಸತ್ತ ನರಿಗೆ ಏನು ನೋವು," ಎಂದರು. ಕತ್ತರಿ ಆಡುವಾಗ ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದರು.

ಕೆಟ್ಟ ಕಂಪ್ಯೂಟರಿನಿಂದ ಶಾಖ ಹೀರುವ ಅಲ್ಯೂಮಿನಿಯಂ ರೆಕ್ಕೆಗಳ ತುಂಡು ಕಿತ್ತು ಕಂಟ್ರೋಲರಿನ ಬೆನ್ನಿಗೆ ಕೂರಿಸಿದೆ. ಮೇಲೊಂದು ಪುಟ್ಟ ಫ್ಯಾನು.

ಜನವರಿ 22

ಚಳಿ –11. ಐದು ನಿಮಿಷ. 110.

ಫ್ಯಾನಿಗೆ ನರಿಯ ಕೂದಲು ಸುತ್ತಿಕೊಂಡಿತು. ಅದಕ್ಕಿಂತ ಕೆಟ್ಟದ್ದು ಬೇರೆ ಆಗಿದೆ. ಹಕ್ಕಿ ಬೆನ್ನಟ್ಟುವುದನ್ನೇ ಬಿಟ್ಟಿದೆ. ಇವರು ಹಾರಿಸಿದರೆ ಬೇಲಿಯ ಕಂಬದ ಮೇಲೆ ಹೋಗಿ ಕೂರುತ್ತದೆ, ನರಿ ತಾನಾಗಿ ನಿಲ್ಲುವವರೆಗೂ ಕಾಯುತ್ತದೆ. ನಿಂತಮೇಲೆ ಅತ್ತೆ ಮನೆಗೆ ಊಟಕ್ಕೆ ಬಂದವಳಂತೆ ನಿಧಾನವಾಗಿ ಇಳಿದು ಚರ್ಮಕ್ಕೆ ಕಟ್ಟಿದ ಮಾಂಸ ತಿನ್ನುತ್ತದೆ. ನನಗೆ ನಗು ಬಂತು. ಇವರು ನಗಲಿಲ್ಲ.

"ನಿಂತ ನರೀನ ತಿನ್ನೋದು ಕಲಿತ್ರೆ ಬೆಟ್ಟದಲ್ಲಿ ಸತ್ಲು ಅಂತ್ಲೇ ಲೆಕ್ಕ. ಯಾವ ನರಿ ಅವಳಿಗೋಸ್ಕರ ನಿಲ್ಲುತ್ತೆ? ಆ ನಿಲ್ಸೋ ಕಟ್ಟಳೆ ಇದ್ಯಲ್ಲ, ನೂರಹತ್ತು, ಅದನ್ನ ತೆಗೆದುಬಿಡು."

"ತೆಗೀಬೋದು. ತೆಗೆದ್ರೆ ಡಬ್ಬಿ ಸುಟ್ಟು ಕರಕಲಾಗುತ್ತೆ. ಸುಟ್ಟ ಡಬ್ಬೀನ ದೇವರೇ ಬಂದ್ರೂ ರಿಪೇರಿ ಮಾಡೋಕಾಗಲ್ಲ."

"ಹಂಗಾದ್ರೆ ತಣ್ಣಗಿಡು."

ಹೇಳುವುದು ಸುಲಭ.

ಜನವರಿ 28

ಚಳಿ –17. ಒಂಬತ್ತು ನಿಮಿಷ. 78!

ಫ್ಯಾನಿಗೆ ಚಹಾ ಸೋಸುವ ಜಾಲರಿ ಹೊದಿಸಿದೆ, ಕೂದಲು ಹೋಗುತ್ತಿಲ್ಲ. ಮೋಟಾರಿನ ಹಲ್ಲುಚಕ್ರ ಬದಲಿಸಿ ಚಿಕ್ಕದು ಹಾಕಿದೆ. ವೇಗ ಸ್ವಲ್ಪ ಕಡಿಮೆ, ಆದರೆ ಹಿಮದಲ್ಲಿ ಎಳೆಯುವ ಭಾರ ಹಗುರವಾಯಿತು. ನರಿ ನಿಲ್ಲಲಿಲ್ಲ. ಹಕ್ಕಿ ಕಂಬದ ಮೇಲೆ ಕೂತು ಕೂತು ಬೇಸತ್ತು ಕೊನೆಗೆ ಎದ್ದು ಬೆನ್ನಟ್ಟಿತು. ಹೊಡೆತ ತಪ್ಪಿತು. ಇವರು "ನೋಡ್ದ್ಯಾ, ನೋಡ್ದ್ಯಾ" ಎಂದು ಅರ್ಧ ಬಾಯಲ್ಲಿ ಕೂಗಿದರು.

ಫೆಬ್ರವರಿ 6

ಚಳಿ –12. ಹನ್ನೊಂದು ನಿಮಿಷ. 61.

ಮೂರು ಸಲ ಓಡುವ ನರಿಯನ್ನೇ ಹಿಡಿದಳು. ಮೂರನೆಯ ಸಲ ಸೂರ್ಯನ ಕಡೆಯಿಂದ ಬಂದಳು, ನರಿಯ ಮೇಲೆ ಮೊದಲು ಬಿದ್ದದ್ದು ನೆರಳು, ಆಮೇಲೆ ಅವಳು. ಕಾರು ಮಗುಚಿ ಚಕ್ರಗಳು ಆಕಾಶ ನೋಡುತ್ತ ತಿರುಗಿದವು. ಇವರ ಕಣ್ಣಲ್ಲಿ ನೀರಿತ್ತು, ಚಳಿಗೆ ಎಂದರು.

ಒಂದು ವಿಚಿತ್ರ. ಮೋಟಾರಿನ ಕೀರಲು ಸದ್ದು ಶುರುವಾದರೆ ಸಾಕು, ಕಣ್ಣಿಗೆ ಟೋಪಿ ಇದ್ದರೂ ಆ ಕಡೆ ತಲೆ ತಿರುಗಿಸುತ್ತಾಳೆ.

"ಸದ್ದಿಗೆ ಒಗ್ಗಿಬಿಟ್ಲು," ಎಂದರು ಇವರು. ಧ್ವನಿಯಲ್ಲಿ ಸಂತೋಷವಿರಲಿಲ್ಲ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಫೆಬ್ರವರಿ 12

ಚಳಿ –19. ಐದು ಓಟ. 66, 63, 63, 60, 57.

ಅರವತ್ತರ ಕೆಳಗೆ ಬರಲೇಬೇಕು ಎಂದು ಹಟ ಹಿಡಿದಿದ್ದೆ. ಎರಡನೆಯದರ ಹೊತ್ತಿಗೇ ಇವರು "ಸಾಕು ಮುದುಕಿ" ಎಂದರು. "ಇನ್ನೊಂದೇ ಒಂದು" ಎಂದೆ. ಹಾಗೆ ಮೂರು ಸಲ ಎಂದೆ. ಮನೆಗೆ ಬಂದಾಗ ಇವರ ತುಟಿ ನೀಲಿಯಾಗಿತ್ತು.

ಫೆಬ್ರವರಿ 17

ಇವರಿಗೆ ಜ್ವರ, 39.2. ಕೆಮ್ಮು ಬಿಡುತ್ತಿಲ್ಲ. ಡಾಕ್ಟರು ಎದೆಯಲ್ಲಿ ನೀರು ಎಂದರು. ಚುಚ್ಚುಮದ್ದು ಕೊಟ್ಟಿದ್ದಾರೆ.

ಕಂಟ್ರೋಲರ್ ಮುಟ್ಟಿಲ್ಲ.

ಫೆಬ್ರವರಿ 20

39.6. ಒದ್ದೆ ಬಟ್ಟೆ ಹಾಕಿದರೆ 39. ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಮೇಲಕ್ಕೆ. ಲೋಹವಾದರೆ ಫ್ಯಾನು ಹಾಕಬಹುದು, ಗಾಳಿಗೆ ದಾರಿ ಕೊರೆಯಬಹುದು. ಮನುಷ್ಯನಿಗೆ ಏನು ಮಾಡಲಿ?

ಐವತ್ತೇಳು ಡಿಗ್ರಿಗೋಸ್ಕರ ನಾನು ಇವರನ್ನು ಹಿಮದಲ್ಲಿ ಕೂರಿಸಿದೆ. ಇದನ್ನು ಬಾಯಿಬಿಟ್ಟು ಇವರಿಗೇ ಹೇಳಿದೆ. ಕಣ್ಣು ಮುಚ್ಚಿಕೊಂಡೇ ನಕ್ಕರು.

"ನಂಗೂ ಐವತ್ತೇಳು ಬೇಕಿತ್ತು ಕಣೆ." ಆಮೇಲೆ ಹೇಳಿದರು, "ನೂರೂಜ್ ಹಬ್ಬದೊಳಗೆ ತುಮಾರ್‌ನ ಬಿಟ್ಬಿಡು. ಬಿಟ್ಟ ಮೇಲೆ ಕರೀಬೇಡ. ಒಂದ್ಸಲ ಕರೆದ್ರೆ ಅವಳು ಬೆಟ್ಟದವಳೂ ಆಗಲ್ಲ, ಮನೆಯವಳೂ ಆಗಲ್ಲ."

"ನನ್ನ ಸವತೀನ ನಾನ್ಯಾಕೆ ಕರೀಲಿ?"

"ಆಣೆ ಮಾಡು."

ರೊಟ್ಟಿ ಮುಟ್ಟಿ ಆಣೆ ಮಾಡಿದೆ.

ಫೆಬ್ರವರಿ 24

ಇವರು ಹೋದರು.

ಮಾರ್ಚ್ 5

ಅಂಗಳದಲ್ಲಿ ಗುಡಾರ ಹಾಕಿದರು. ಮೂರು ದಿನ ಗೋಡೆಗೆ ಮುಖ ಮಾಡಿ ಕೂತು ನಾನೂ ಹೆಂಗಸರೂ ಶೋಕದ ಹಾಡು ಹಾಡಿದೆವು. ಬಂದವರಿಗೆಲ್ಲ ಊಟಕ್ಕೆ ಇವರ ಕುದುರೆಯನ್ನೇ ಕಡಿದರು. ಪದ್ಧತಿ. ಆ ಮಾಂಸ ನಾನು ತಿನ್ನಲಿಲ್ಲ. ಕೊಟ್ಟಿಗೆಯಲ್ಲಿ ಹಕ್ಕಿಯೂ ತಿನ್ನಲಿಲ್ಲ ಎಂದು ತುರ್ದು ಹೇಳಿದ.

ಇವತ್ತು ನಾನೇ ಕೈಗವಸು ಹಾಕಿಕೊಂಡು ಮಾಂಸ ಹಿಡಿದೆ. ಗವಸಿನೊಳಗೆ ಇವರ ಬೆವರಿನ ವಾಸನೆ ಇನ್ನೂ ಇತ್ತು. ಅವಳು ತುಂಬ ಹೊತ್ತು ನೋಡಿ, ಬಂದು ಕೈಮೇಲೆ ಕೂತಳು. ಎಷ್ಟು ಭಾರ! ಹನ್ನೆರಡು ವರ್ಷದಲ್ಲಿ ಇವರು ಒಂದು ದಿನವೂ ಭಾರ ಅಂದದ್ದಿಲ್ಲ.

ಮಾರ್ಚ್ 9

ಹಕ್ಕಿ ಕೂರುವ ಮರದ ಅಡ್ಡೆಯನ್ನು ಒಳಮನೆಗೆ ತಂದಿಟ್ಟೆ. ಕೊಟ್ಟಿಗೆಯ ಬಾಗಿಲು ಸರಿಯಿಲ್ಲ, ಗಾಳಿ ನುಗ್ಗುತ್ತದೆ. ಇವರ ಮಂಚದ ಜಾಗ ಹೇಗೂ ಖಾಲಿ ಇದೆ.

ಚಳಿ –6. ಹತ್ತು ನಿಮಿಷ. 55. ಒಂದು ಕೈಯಲ್ಲಿ ರಿಮೋಟು, ಇನ್ನೊಂದರ ಮೇಲೆ ಅವಳು. ಟೋಪಿಯನ್ನು ಇವರ ಹಾಗೇ ಹಲ್ಲಿನಿಂದ ಕಳಚಿದೆ.

ಮಾರ್ಚ್ 16

ಚಳಿ –2. ಹನ್ನೆರಡು ನಿಮಿಷ. 49.

ನರಿಯನ್ನು ಬಿಟ್ಟು ತುಮಾರ್ ಏಕಾಏಕಿ ಎಡಕ್ಕೆ ಹೊರಳಿದಳು. ಹಳ್ಳದ ಪೊದೆಯಿಂದ ನಿಜವಾದ ಮೊಲವೊಂದು ಎದ್ದಿತ್ತು. ನೂರು ಹೆಜ್ಜೆಯೊಳಗೆ ಹಿಡಿದಳು. ನಾನು ಮುಟ್ಟುವುದರೊಳಗೆ ಅರ್ಧ ತಿಂದಾಗಿತ್ತು.

ಒಳ್ಳೆಯ ಹಿಡಿತ. ಆದರೆ ಒಂದು ಮೊಲದಿಂದ ಏನು ಹೇಳಲಾಗುತ್ತದೆ? ಕಂಟ್ರೋಲರನ್ನು 45ಕ್ಕೆ ಇಳಿಸಿ ಇನ್ನಷ್ಟು ದೂರ ಓಡಿಸಿ ನೋಡಬೇಕು.

ಮಾರ್ಚ್ 21

ನೂರೂಜ್, ವಸಂತದ ಹೊಸವರ್ಷ. ಬೀದಿಯಲ್ಲಿ ದೊಡ್ಡ ಕಡಾಯಿಯಲ್ಲಿ ಮೊಳಕೆಗೋಧಿಯ ಪಾಯಸ ಕುದಿಯುತ್ತಿತ್ತು. ಹೆಂಗಸರು ಕರೆದರು, ಹೋಗಿ ಸ್ವಲ್ಪ ಹೊತ್ತು ಸೌಟು ತಿರುಗಿಸಿ ಬಂದೆ. ತುರ್ದು ಹಿಂದೆಯೇ ಬಂದ.

"ಇವತ್ತಿಗೆ ಬಿಡ್ಬೇಕಿತ್ತಲ್ಲ ಅತ್ತಿಗೆ? ನನ್ನ ಕುದುರೆ ಕೊಡ್ತೀನಿ, ನಾನೇ ಹಿಡ್ಕೊಂಡು ನಡೆಸ್ತೀನಿ."

"ಯಂತ್ರ ಇನ್ನೂ ಸರಿ ಬಂದಿಲ್ಲ. ಬಿಸಿಲು ಏರ್ತಿದೆ, ಹಿಮ ಕರಗಿ ಕೆಸರಾಗಿದೆ, ಕೆಸರಲ್ಲಿ ಭಾರ ಜಾಸ್ತಿ. ಮತ್ತೆ ಕಾಯುತ್ತೆ."

"ಎಷ್ಟು ಬಂತು ಜ್ವರ?"

"ನಲವತ್ತಾರು."

ತುರ್ದು ತಲೆ ಅಲ್ಲಾಡಿಸಿ ಕಡಾಯಿಯ ಕಡೆ ತಿರುಗಿ ಹೋದ. ಅವನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ಮಾರ್ಚ್ 29

44. ಫ್ಯಾನನ್ನು ಎದುರು ದಿಕ್ಕಿಗೆ ತಿರುಗಿಸಿ ನೋಡಿದೆ, 47. ಮತ್ತೆ ಮೊದಲಿನಂತೆ ಹಾಕಿದೆ, 44. ಇಡೀ ದಿನ ಇದೇ ಆಯಿತು. ನಮ್ಮ ಹುಡುಗಿ ಅಡ್ಡೆಯ ಮೇಲಿಂದ ಎಲ್ಲ ನೋಡುತ್ತಿದ್ದಳು. ಅವಳ ಜೊತೆ ಮಾತಾಡುತ್ತ ಕೆಲಸ ಮಾಡಿದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಏಪ್ರಿಲ್ 5

ನಲವತ್ತನೆಯ ದಿನ. ಜನ ಬಂದರು, ಉಂಡರು, ಹೋದರು. ತುರ್ದು ಮಾತ್ರ ಉಳಿದ. ಉಪ್ಪುಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೂತ.

"ಯಾವಾಗ?" ಎಂದ.

"ಬ್ಯಾಟರಿ ಹಳೇದಾಯ್ತು. ಹೊಸದು ಬಂದ ಮೇಲೆ ಒಂದು ಕೊನೇ ಪರೀಕ್ಷೆ…"

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ನಗದೆಯೇ ಹೇಳಿದ. "ಚಳಿಗಾಲವೆಲ್ಲ ಅವಳನ್ನ ನಂಗೆ ಕೊಡು ಅಂತ ನಾನೇ ಕೇಳ್ತಿದ್ದೆ. ಈಗ ಕೇಳ್ತಿಲ್ಲ. ಜಪರ್ ಅಣ್ಣನ ಆಣೆ ಇದೆ, ನಂಗೂ ಗೊತ್ತು. ನಿಂಗೇನಾಗಿದೆ ಅತ್ತಿಗೆ?"

ನನಗೇನೂ ಆಗಿಲ್ಲ. ಕೆಲಸ ಅರೆಬರೆ ಬಿಟ್ಟು ರೂಢಿಯಿಲ್ಲ, ಅಷ್ಟೇ. ಆದರೂ ನಾಡಿದ್ದು ಹೋಗೋಣ ಎಂದೆ.

ಏಪ್ರಿಲ್ 8

ನಿನ್ನೆ ಬಿಟ್ಟುಬಂದೆವು.

ಕುದುರೆಯ ಮೇಲೆ ನನ್ನನ್ನು ಕೂರಿಸಿ ತುರ್ದು ಲಗಾಮು ಹಿಡಿದು ನಡೆದ. ಸೊಂಟದ ನೋವಿಗೆ ದಾರಿಯುದ್ದ ಹಲ್ಲು ಕಚ್ಚಿದ್ದೆ. ಮೇಲಿನ ಬಂಡೆಗಳ ಹತ್ತಿರ ಕುರಿ ಕಡಿದು, ಬೀಳ್ಕೊಡುಗೆಯ ಪಾಲು ಎಂದು ಇಡಿಯಾಗಿ ಅವಳ ಮುಂದಿಟ್ಟೆವು. ಕಾಲಿನ ತೊಗಲಪಟ್ಟಿ ನಾನೇ ಕತ್ತರಿಸಿದೆ. ಆ ಪಟ್ಟಿಯಿದ್ದ ಜಾಗದಲ್ಲಿ ಕಾಲು ತೆಳ್ಳಗೆ ಬಿಳಿಚಿಕೊಂಡಿತ್ತು, ಬಳೆ ತೆಗೆದ ಕೈಯಂತೆ. ಅವಳು ತಿನ್ನುತ್ತಿರುವಾಗ ಸದ್ದಿಲ್ಲದೆ ಇಳಿದುಬಂದೆವು. ತಿರುಗಿ ನೋಡಬಾರದು ಎನ್ನುತ್ತಾರೆ. ನಾನು ನೋಡಲಿಲ್ಲ.

ಅಡ್ಡೆಯನ್ನು ಕೊಟ್ಟಿಗೆಗೆ ಸಾಗಿಸಬೇಕು. ನಾಳೆ ಮಾಡಿದರಾಯಿತು.

ಏಪ್ರಿಲ್ 12

ಬಿಸಿಲು 14. ಆರು ನಿಮಿಷ. 58.

ಯಂತ್ರವನ್ನು ಸುಮ್ಮನೆ ಇಟ್ಟರೆ ಜಡ್ಡುಗಟ್ಟುತ್ತದೆ. ಬೆಚ್ಚಗಿನ ದಿನದಲ್ಲಿ ಕಂಟ್ರೋಲರ್ ಹೇಗಿರುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಓಡಿಸಿದೆ. ನರಿಯ ಚರ್ಮವಿಲ್ಲದೆ ಅಳೆದರೆ ಮೊದಲಿನ ಅಂಕಿಗಳಿಗೆ ಹೋಲಿಕೆ ಸಿಗುವುದಿಲ್ಲವಲ್ಲ, ಹೊದಿಸಿದೆ. ಮಾಂಸವನ್ನೂ ಕಟ್ಟಿದೆ, ತೂಕ ಅದೇ ಇರಬೇಕು.

ಆರನೆಯ ನಿಮಿಷದಲ್ಲಿ ಬೆಟ್ಟದ ಮೇಲಿಂದ ಒಂದು ಚುಕ್ಕೆ ಬಂತು. ನರಿಯ ಮೇಲೆ ಮೊದಲು ಬಿದ್ದದ್ದು ನೆರಳು.

ತಿಂದು, ಬಂದು ನನ್ನ ಎದುರಿನ ಬೇಲಿಯ ಮೇಲೆ ಕೂತಳು. ನಾನು ಅವಳ ಹೆಸರು ಹಿಡಿದು ಕರೆಯಲಿಲ್ಲ. ಆಣೆ ಮುರಿದಿಲ್ಲ.

ಏಪ್ರಿಲ್ 13

ಬಂದಳು. 57.

ಏಪ್ರಿಲ್ 14

ಬಂದಳು.

ಏಪ್ರಿಲ್ 15

ಬಂದಳು. ಕೈಮೇಲೆ ಕೂತಳು. ಶಾಖ ಅಳೆಯುವ ಮೀಟರು ತರಲು ಮರೆತಿದ್ದೆ.

ಏಪ್ರಿಲ್ 17

ತುರ್ದು ಬೆಟ್ಟದಿಂದ ನೇರ ನಮ್ಮ ಬಾಗಿಲಿಗೆ ಬಂದ. ಕುದುರೆಯಿಂದ ಇಳಿಯಲಿಲ್ಲ.

"ಮೇಲ್ಗಡೆ ಬಂಡೆ ಸಂದಿಲಿ ಒಂದು ಗಂಡು ಹದ್ದಿದೆ ಅತ್ತಿಗೆ. ಗೂಡು ಕಟ್ತಿದೆ. ಕಾಲಲ್ಲಿ ಕಡ್ಡಿ ಹಿಡ್ಕೊಂಡು ಅವಳ ಸುತ್ತ ಮೂರು ಸುತ್ತು ಹಾಕ್ತು. ಅವಳೂ ಎದ್ಲು, ಜೊತೇಲಿ ಹಾರಿದ್ಲು. ಅಷ್ಟರಲ್ಲಿ ಕೆಳಗಿಂದ ನಿನ್ನ ಆ ಕೀರಲು ಶುರುವಾಯ್ತು ನೋಡು, ಗಂಡನ್ನ ಅಲ್ಲೇ ಬಿಟ್ಟು ಬಾಣದ ಥರ ಇಳಿದ್ಲು. ಅದು ಕಡ್ಡಿ ಹಿಡ್ಕೊಂಡೇ ಕೂತಿತ್ತು."

ನಾನು ರಿಮೋಟನ್ನು ಜೇಬಿಗೆ ಹಾಕಿಕೊಂಡೆ.

"ಮೊಟ್ಟೆಯಿಡೋಕೆ ಉಳಿದಿರೋದು ಕೆಲವೇ ದಿನ. ಜಪರ್ ಅಣ್ಣ ಸತ್ತ, ನಿಂಗೆ ಯಾರೂ ಇಲ್ಲ, ನಂಗೆ ಅರ್ಥ ಆಗುತ್ತೆ. ಅದಕ್ಕೆ ಅವಳ ಸಂಸಾರ ಯಾಕೆ ಕೆಡಿಸ್ತೀಯ?"

ಅವನು ಹೋದಮೇಲೆ ಈ ಪುಸ್ತಕವನ್ನು ಮೊದಲಿಂದ ಓದಿದೆ. ಅವಳು ಮೊಲ ಹಿಡಿದ ಮಾರ್ಚ್ 16ರಂದೇ ಕೆಲಸ ಮುಗಿದಿತ್ತು. ಆಮೇಲೆ ಬರೆದ ಅಂಕಿಗಳೆಲ್ಲ ನೆಪ. ಅವಳನ್ನು ಹನ್ನೆರಡು ವರ್ಷ ಸವತಿ ಎಂದವಳು ನಾನೇ. ಈಗ ಅವಳಿಲ್ಲದ ಮನೆಗೆ ಹೋಗಲು ನನಗೆ ಭಯವಾಗುತ್ತದೆ.

ಏಪ್ರಿಲ್ 18

ಕಾರನ್ನು ಯಾರಿಗಾದರೂ ಕೊಟ್ಟರೆ ಹೋಗಿ ಇಸಕೊಂಡು ಬರುತ್ತೇನೆ. ಮುರಿದರೆ ಅಂಟಿಸುತ್ತೇನೆ. ತಂತಿ ಕತ್ತರಿಸಿದರೆ ಬೆಸೆಯುತ್ತೇನೆ. ಮೂವತ್ತು ವರ್ಷದ ಕೈ ಇದು, ನನಗೆ ಗೊತ್ತು. ಸುಟ್ಟ ಕಂಟ್ರೋಲರನ್ನು ಮಾತ್ರ ಈ ಕೈ ಏನೂ ಮಾಡಲಾರದು.

ನೂರಹತ್ತಕ್ಕೆ ನಿಲ್ಲಿಸುವ ಕಟ್ಟಳೆಯನ್ನು ತೆಗೆದೆ. ಜಾಲರಿ ಬಿಚ್ಚಿದೆ, ಫ್ಯಾನು ಕಿತ್ತೆ, ಅಲ್ಯೂಮಿನಿಯಂ ರೆಕ್ಕೆ ಕಳಚಿದೆ. ಮೊದಲ ದಿನದ ಅದೇ ಕಂಬಳಿ ತುಂಡನ್ನು ಹುಡುಕಿ ಕಂಟ್ರೋಲರಿಗೆ ಸುತ್ತಿದೆ. ಮೋಟಾರು ತಿರುಗಿದರೆ ಸದ್ದಾಗುತ್ತದೆ, ಸದ್ದಾದರೆ ಬರುತ್ತಾಳೆ. ಅದಕ್ಕೆ ಅಂಗಳದಲ್ಲಿ ನಾಲ್ಕು ಚಕ್ರಗಳನ್ನೂ ಕಲ್ಲುಗಳ ನಡುವೆ ಅಲ್ಲಾಡದಂತೆ ಸಿಕ್ಕಿಸಿ ಬೆರಳನ್ನು ಪೂರ್ತಿ ಒತ್ತಿದೆ.

ಕಾರು ನಡುಗಿತು. ಕೀರಲಿಲ್ಲ. ಸ್ವಲ್ಪ ಹೊತ್ತಿಗೆ ಉಣ್ಣೆ ಕಮಟಿತು, ಆಮೇಲೆ ಹೊಗೆ. ನಾನು ಬೆರಳು ತೆಗೆಯಲಿಲ್ಲ. ಚಿಟ್ ಎಂದಿತು, ನಡುಕ ನಿಂತಿತು. ಇಡೀ ಚಳಿಗಾಲ ಯಾವುದು ಆಗಬಾರದು ಎಂದು ಒದ್ದಾಡಿದೆನೋ ಅದು ಮೂರು ನಿಮಿಷದಲ್ಲಿ ಮುಗಿಯಿತು. ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಹಾಡಿದಾಗಲೂ ಬಾರದ ಅಳು ಆಗ ಬಂತು. ಇವರನ್ನು ಹೆಸರು ಹಿಡಿದು ಕೂಗಿ ಅತ್ತೆ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಆ ಹೆಸರನ್ನು ನಾನು ಬಾಯಲ್ಲಿ ಆಡಿರಲಿಲ್ಲ.

ಏಪ್ರಿಲ್ 21

ಮಧ್ಯಾಹ್ನ ಬಂದಳು. ಬಯಲಿನ ಮೇಲೆ ಎರಡು ಸುತ್ತು ಹಾಕಿ ಬೇಲಿಯ ಕಂಬದ ಮೇಲೆ ಕೂತಳು. ನರಿ ಬರುತ್ತದೆಂದು ಕಾದಳು. ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲುತ್ತಿತ್ತು, ಅಲುಗಾಡಿದರೆ ಕಾಣುತ್ತದೆ ಎಂದು ಹಾಗೇ ಬಿಟ್ಟೆ.

ಎಷ್ಟು ಹೊತ್ತು ಎಂದು ಬರೆದುಕೊಳ್ಳಲಿಲ್ಲ. ಕೊನೆಗೆ ಎದ್ದು ಬೆಟ್ಟದ ಕಡೆ ಹೋದಳು. ಹಳ್ಳ ದಾಟುವಾಗ ಒಣಗಿದ ಪೊದೆಯ ಮೇಲೆ ಇಳಿದು ಒಂದು ಕಡ್ಡಿ ಕಿತ್ತಳು. ಕಾಲಲ್ಲಿ ಅದನ್ನು ಹಿಡಿದುಕೊಂಡೇ ಮೇಲೆ ಹೋದಳು.

ಅಡ್ಡೆಯನ್ನು ಕೊಟ್ಟಿಗೆಗೆ ಸಾಗಿಸಿದೆ.